ಬೇರೆ ತಂಬಿಗೆಯ ಜೊತೆ ತಾಂಡೂರಿಗೆ

ಸಿರ್ಗಾಪುರದಿಂದ ನಮ್ಮ ಬಂಡಿ ಹೊರಟಾಗ ಹೊತ್ತು ಆಗಷ್ಟೇ ಮೂಡಿತ್ತು. ಬಂಡಿ ಹೊಡೆಯುವವನ ಪಕ್ಕದಲ್ಲಿ ನನ್ನ ಗಂಡನ ಸೋದರಮಾವ ರುದ್ರಪ್ಪನವರು ಮೂಗು ಬಾಯಿಗೆ ಶಲ್ಯ ಸುತ್ತಿಕೊಂಡು ಕುಳಿತಿದ್ದರು. ಹಿಂದೆ, ಹುಲ್ಲಿನ ಮೇಲೆ, ನಾನು ಮತ್ತು ನನ್ನ ತಂಬಿಗೆ. ಅದರ ಕೊರಳಿಗೆ ಅತ್ತೆ ಕೆಂಪು ದಾರ ಕಟ್ಟಿದ್ದರು, ಮನೆಯ ಬೇರೆ ಯಾರೂ ಮರೆತು ಅದರಲ್ಲಿ ನೀರು ಕುಡಿಯಬಾರದೆಂದು.

ದೀಪಾವಳಿಯಲ್ಲಿ ಮನೆಮಂದಿಗೆಲ್ಲ ನೆಗಡಿ, ಜ್ವರ ಬಂದು ಹೋಗಿತ್ತು. ನನ್ನದೂ ವಾರದಲ್ಲಿ ಹೋಯಿತು, ಕೆಮ್ಮು ಮಾತ್ರ ಹೋಗಲಿಲ್ಲ. ಎರಡು ತಿಂಗಳಾದ ಮೇಲೆ ಅತ್ತೆ ಅದಕ್ಕೆ ಕ್ಷಯ ಎಂದು ತಾವೇ ಹೆಸರಿಟ್ಟರು. ನನ್ನ ತಟ್ಟೆ ಬೇರೆಯಾಯಿತು, ಹಾಸಿಗೆ ಬೇರೆಯಾಯಿತು, ಮೂರು ವರ್ಷದ ಮಗಳು ಶಾಂತಾ ಅಜ್ಜಿಯ ಮಗ್ಗುಲಿಗೆ ಹೋದಳು. ಕಲ್ಹೇರಿನಲ್ಲಿ ಗಂಡನಿಗೆ ಇನ್ನೊಂದು ಹೆಣ್ಣು ನೋಡುವ ಮಾತೂ ನಡೆದಿತ್ತು. ಊರಿನ ಲೆಕ್ಕ ನೋಡುವ ಪಟವಾರಿಯ ಹತ್ತಿರ ಉರ್ದು ಕಾಗದ ಬರೆಯುವ ನನ್ನ ಗಂಡ ಎಲ್ಲ ಕೇಳಿಯೂ ಬಾಯಿ ಬಿಡಲಿಲ್ಲ. ನನ್ನನ್ನು ಯಾಲಾಲಿನ ತವರಿಗೆ ಬಿಟ್ಟು ಬರುವುದು ರುದ್ರಪ್ಪ ಮಾವನ ಕೆಲಸ. ದಾರಿಯಲ್ಲಿ ತಾಂಡೂರಿನ ಡಾಕ್ಟರರಿಗೆ ತೋರಿಸಿ, ಕ್ಷಯವಲ್ಲವೆಂದು ಕಾಗದ ಬರೆಸಿಕೊಂಡು, ಮಗಳ ಹತ್ತಿರ ತಿರುಗಿ ಬರುವುದು ನನ್ನ ಕೆಲಸ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ನಾರಾಯಣಖೇಡದಲ್ಲಿ ಎತ್ತುಗಳಿಗೆ ನೀರು ಕುಡಿಸಿ, ಪರಿಚಯದವರ ಮನೆಯಲ್ಲಿ ಇಳಿದೆವು. ಜೋಳದ ರೊಟ್ಟಿ, ಪುಂಡಿಪಲ್ಯ. ನನಗೆ ಪಡಸಾಲೆಯ ಹೊರಗೆ ಬಡಿಸಿದರು, ಮಾವ ಮೊದಲೇ ಹೇಳಿಟ್ಟಿದ್ದರು. ಸಿಟ್ಟಿಗೆ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಮೂರನೆಯ ದಿನ ಜಹೀರಾಬಾದು. ಸ್ಟೇಶನ್ನಿಗೆ ಹೋಗುವ ಹಾದಿಯಲ್ಲಿ ಮೆಣಸಿನಕಾಯಿ ರಾಶಿ ಹಾಕಿದ್ದರು. ಆ ಘಾಟಿಗೆ ವ್ಯಾಪಾರಿಗಳು, ಹಮಾಲರು, ಹಾದುಹೋಗುವವರು ಎಲ್ಲರೂ ಕೆಮ್ಮುತ್ತಿದ್ದರು. ಅಲ್ಲಿ ನಿಂತು ನಾನೂ ಮನಸಾರೆ ಕೆಮ್ಮಿದೆ. ಯಾರೂ ತಿರುಗಿ ನೋಡಲಿಲ್ಲ. ಎರಡು ತಿಂಗಳಲ್ಲಿ ನನಗೆ ಅಷ್ಟು ಹಗುರೆನಿಸಿದ್ದು ಅದೇ ಮೊದಲು.

"ನಡಿಯವ್ವ, ಗಾಡಿ ತಪ್ತದ," ಎಂದು ಮಾವ ದೂರದಿಂದಲೇ ಕೂಗಿದರು.

ರೈಲಿನ ಜನಾನಾ ಡಬ್ಬಿಯಲ್ಲಿ ಹೆಂಗಸರು ಕಿಕ್ಕಿರಿದು, ಕಾಲಿಡಲು ಜಾಗವಿರಲಿಲ್ಲ. ನಾಲ್ಕು ಸಲ ಕೆಮ್ಮಿದೆ. ಬಾಕಿನ ಮೇಲಿದ್ದವರು ಸೆರಗು ಮೂಗಿಗೆ ಹಿಡಿದು ಎದ್ದು ಆಚೆ ಸರಿದರು. ಸರಿಯಲಿ! ವಿಕಾರಾಬಾದಿನ ತನಕ ಕಾಲು ಚಾಚಿ ಮಲಗಿ ಬಂದೆ. ಅಲ್ಲಿ ಗಾಡಿ ಬದಲಿಸಿ ತಾಂಡೂರಿಗೆ ಬಂದಾಗ ಮಧ್ಯಾಹ್ನ. ಹೊರಗೆ ಯಾಲಾಲಿನ ಬಂಡಿಗಳು ನಿಂತಿದ್ದವು.

"ಮೊದಲ ದವಾಖಾನೀಗಿ ಹೋಗಮು, ಮಾವಾರೆ," ಎಂದೆ.

"ದವಾಖಾನಿ ಯಾಕ? ನಿಮ್ಮಪ್ಪ ನೋಡ್ಕೋತಾನ. ಬಂಡಿ ಹತ್ತು."

"ನಾ ಹತ್ತಂಗಿಲ್ಲ."

ಸ್ಟೇಶನ್ನಿನ ಮುಂದೆ ಸಾಗಿಸಲು ಪೇರಿಸಿಟ್ಟಿದ್ದ ಹಾಸುಗಲ್ಲಿನ ಮೇಲೆ ಕುಳಿತೆ. ಮಾವ ಬೈದರು, ಮರ್ಯಾದೆ ತೆಗೆದೆ ಎಂದರು. ಬೈಯುತ್ತಲೇ ಒಂದು ಸೀನು ಸೀನಿದರು. ಮತ್ತೆರಡು ಬಂದವು. ಕಣ್ಣು, ಮೂಗು ಎರಡೂ ಸುರಿಯತೊಡಗಿದವು.

"ನಿಂದೇ ಹತ್ತಿತಲ್ಲ ನನಗ!" ಎಂದು ಚೀರಿದರು. ಹೆದರಿಕೆಯಿಂದ ಮುಖ ಬಿಳಿಚಿತ್ತು. ದವಾಖಾನೆಗೆ ನನಗಿಂತ ಮುಂದೆ ಅವರೇ ನಡೆದರು.

ಡಾಕ್ಟರು ನರೆಗಡ್ಡದ ಸಾಹೇಬರು, ಊರಿನ ಕನ್ನಡ ಚೆನ್ನಾಗಿ ಆಡುತ್ತಿದ್ದರು. ಸಂಜೆ ಜ್ವರ ಬರುತ್ತದೆಯೇ, ಕಫದಲ್ಲಿ ರಕ್ತ ಇದೆಯೇ, ಮೈ ಇಳಿದಿದೆಯೇ ಎಂದು ಒಂದೊಂದೇ ಕೇಳಿದರು. ಎಲ್ಲದಕ್ಕೂ ಇಲ್ಲವೆಂದೆ. ನಳಿಗೆ ಇಟ್ಟು ಎದೆ, ಬೆನ್ನು ಆಲಿಸಿದರು. ಕಫವನ್ನು ಗಾಜಿಗೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕೆಂದು ಮರುದಿನ ಬರಹೇಳಿದರು. ಆ ರಾತ್ರಿ ಧರ್ಮಶಾಲೆಯಲ್ಲಿ ಉಳಿದೆವು. ಎಷ್ಟು ಹಟ ಮಾಡಿದರೂ ಅತ್ತೆಯ ಮಾತು ನಿಜವಾಗಿದ್ದರೆ ಎಂಬ ಅಂಜಿಕೆ ನನಗೂ ಇತ್ತು.

ಮರುದಿನ ಸಾಹೇಬರು ನಗುತ್ತಲೇ ಹೇಳಿದರು: "ಏನೂ ಇಲ್ಲ ಬೇಟಿ. ಬ್ಯಾನಿ ಯಾವಾಗೋ ಹೋಗ್ಯಾದ, ಗಂಟಲ ಇನ್ನಾ ಹುಣ್ಣಾಗೇದ, ಅದಕ್ಕ ಕೆಮ್ಮು. ಕೆಲವರಿಗಿ ಹಿಂಗ ತಿಂಗಳಗಟ್ಟಲೆ ಉಳಿತದ. ಬಿಸಿನೀರು ಕುಡಿ, ಹೊಗಿ ಮುಂದ ಕೂಡಬ್ಯಾಡ. ಜ್ವರ ಬಂದ್ರ, ರಕ್ತ ಬಿದ್ರ ಮತ್ತ ಬಾ."

"ಮತ್ತ ನನಗ ಹತ್ಯಾದಲ್ಲರಿ?" ಎಂದರು ಮಾವ.

"ನಿಮದು ಹೊಸ ನೆಗಡಿ ಯಜಮಾನ್ರೆ, ಎಲ್ಲಿಂದೋ ತಂದೀರಿ. ಈಗ ಹಬ್ಬೋದು ನಿಮದು, ಆಕಿದಲ್ಲ. ನೀವೇ ದೂರ ಕೂಡ್ರಿ."

ಉರ್ದುವಿನಲ್ಲಿ ಕಾಗದ ಬರೆಸಿಕೊಂಡೆ. ಯಾಲಾಲಿನ ಬಂಡಿಯ ಕಡೆ ನೋಡದೆ ತಿರುಗಿ ಸಿರ್ಗಾಪುರಕ್ಕೆ ಹೊರಟೆ, ತಮ್ಮ ನೆಗಡಿಯ ಚಿಂತೆಯಲ್ಲೇ ಮಾವ ಹಿಂದೆ ಬಂದರು. ಜಹೀರಾಬಾದಿನಿಂದ ಹಿಂದಿರುಗುವಾಗ ಬಂಡಿಯಲ್ಲಿ ಮೂಗಿಗೆ ಸೆರಗು ಹಿಡಿದು ಕುಳಿತವಳು ನಾನು. ಮಾವನಿಗೂ ಆಗ ಕೆಮ್ಮು ಹಿಡಿದಿತ್ತು.

ಸಿರ್ಗಾಪುರದ ಅಂಗಳದಲ್ಲಿ ನಾನು ಇಳಿದದ್ದನ್ನು ನೋಡಿ ಅತ್ತೆಯ ಮುಖ ಕಪ್ಪಿಟ್ಟಿತು. "ಈಕಿನ್ನ ಯಾಕ ತಿರುಗಿ ತಂದಿ?" ಎಂದು ತಮ್ಮನನ್ನು ಕೇಳಿದರು. ಅವರು ಉತ್ತರ ಹೇಳುವ ಮೊದಲೇ ಕೆಮ್ಮಿದರು. "ಅಯ್ಯ ನನ್ನ ತಮ್ಮಾ, ಥಂಡಿ ಆತೇನೋ!" ಎಂದು ಅತ್ತೆ ಒಳಗೋಡಿ ಮನೆಯ ಚೊಂಬಿನಲ್ಲಿ ಬಿಸಿನೀರು ತಂದರು.

ನಾನು ಅಡ್ಡ ನಿಂತು ಕೆಂಪು ದಾರದ ತಂಬಿಗೆ ಚಾಚಿದೆ. "ಇದರಾಗ ಕೊಡ್ರಿ ಅತ್ತಿ. ಹಬ್ಬೋ ಕೆಮ್ಮು ಅವರದು."

ಗಂಡ ಕಾಗದ ತೆಗೆದುಕೊಂಡು ಓದಿದರು. ಮೊದಲು ಮೆಲ್ಲಗೆ, ಆಮೇಲೆ ಕನ್ನಡ ಮಾಡಿ ಓಣಿಗೆಲ್ಲ ಕೇಳುವಂತೆ ಗಟ್ಟಿಯಾಗಿ. ಅತ್ತೆ ತಮ್ಮನ ಮುಖ ನೋಡಿದರು.

"ಡಾಕ್ಟರ್ ಹಂಗೇ ಅಂದಾರಕ್ಕಾ," ಎಂದು ರುದ್ರಪ್ಪ ಮಾವ ತಲೆ ತಗ್ಗಿಸಿದರು. ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡು, ಅದಕ್ಕೆ ನೀರು ಸುರಿಸಿಕೊಂಡು ಕುಡಿದರು.

ಉಳಿದ ನೀರನ್ನು ನಾನು ಮನೆಯ ಚೊಂಬಿನಿಂದಲೇ ಕುಡಿದೆ. ಶಾಂತಾಳನ್ನು ಎತ್ತಿಕೊಂಡು, ಒಂದು ಸಲ ಕೆಮ್ಮಿ, ಒಳಗೆ ಹೋದೆ. ಕಲ್ಹೇರಿನ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಕೆಮ್ಮು ಇನ್ನೂ ಕೆಲವು ವಾರ ಇತ್ತು. ಯಾವ ದಿನ ನಿಂತಿತೆಂದು ಅತ್ತೆ ಎಷ್ಟೋ ಸಲ ಕೇಳಿದರು. ಹೇಳುವ ಬದಲು ನಾನು ಪ್ರತಿ ಸಲವೂ ಒಂದು ಕೆಮ್ಮು ಕೆಮ್ಮಿದೆ.