ಕಡಲಬಂಡೆಯ ಮೇಲೆ ಗಾಲ್ಫ್

ಮದುವೆಯಾದ ಮೇಲೆ ಸಾಗರ ಪೇಟೆಯ ಹೆಣ್ಣುಮಕ್ಕಳ ಶಾಲೆಯ ಡ್ರಿಲ್ ಟೀಚರ್ ಕೆಲಸ ಬಿಟ್ಟು ಅಣೆಕಟ್ಟಿನ ಕಾಲೊನಿಗೆ ಬಂದೆ. ಅರವತ್ತರ ದಶಕದ ಮೊದಲ ವರ್ಷಗಳು. ನನ್ನ ಗಂಡ ಅಲ್ಲಿ ಅಸಿಸ್ಟೆಂಟ್ ಇಂಜಿನಿಯರ್. ಬೆಳಿಗ್ಗೆ ಜೀಪು ಬಂದು ಅವರನ್ನು ಕರೆದುಕೊಂಡು ಹೋದರೆ ಸಂಜೆಯವರೆಗೆ ಕ್ವಾರ್ಟರ್ಸಿನಲ್ಲಿ ನಾನೊಬ್ಬಳೇ. ಎರಡು ಕೋಣೆಯ ಮನೆ, ಎಷ್ಟು ಸಲ ಗುಡಿಸಿದರೂ ಕೆಲಸ ಬೇಗ ಮುಗಿದುಹೋಗುತ್ತಿತ್ತು. ಆಮೇಲೆ ಅಂಗಳದ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದೆ. ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ, “ಎಂತದ್ರೀ, ಏನಾದ್ರೂ ಕಳ್ಕೊಂಡ್ರಾ?” ಎಂದು ಕೇಳುತ್ತಿದ್ದರು. ದಿನವಿಡೀ ಮಕ್ಕಳ ಜೊತೆ ಓಡಿ, ಕೂಗಿ, ಡಿಸ್ಕಸ್ ಎಸೆದು ಅಭ್ಯಾಸವಾಗಿದ್ದ ಮೈ ಅದು. ಸುಮ್ಮನೆ ಕೂರಿಸಿದರೆ ಕೂರುತ್ತಿರಲಿಲ್ಲ.

ಆ ಕಾಲೊನಿಗೆ ಗಾಲ್ಫ್ ತಂದದ್ದು ಯಂತ್ರ ಜೋಡಿಸಲು ಹೊರದೇಶದಿಂದ ಬಂದಿದ್ದ ಒಬ್ಬ ಇಂಜಿನಿಯರ್. ಕಾಲೊನಿಯ ಹಿಂದೆ ದನ ಮೇಯುವ ಬ್ಯಾಣವಿತ್ತು. ಅಲ್ಲಿ ಚೆಂಡು ಬೀಳುವ ಗುಳಿಗಳಿಗೆಂದು ಹಾಲಿನ ಪುಡಿಯ ಡಬ್ಬಿಗಳನ್ನು ನೆಲದಲ್ಲಿ ಹೂತು, ಪಕ್ಕದಲ್ಲಿ ಬಿದಿರಿನ ಕಡ್ಡಿಗೆ ಕೆಂಪು ಬಟ್ಟೆ ಕಟ್ಟಿ ನಿಲ್ಲಿಸಿದ. ಚೀಫ್ ಇಂಜಿನಿಯರ್ ಸಾಹೇಬರಿಗೆ ಆಟ ಹಿಡಿಸಿತು. ಸಾಹೇಬರಿಗೆ ಹಿಡಿಸಿದ್ದು ಉಳಿದವರಿಗೂ ಹಿಡಿಸಲೇಬೇಕಲ್ಲ. ನನ್ನವರು ಹಳೆಯ ಕೋಲುಗಳ ಒಂದು ಚೀಲ ಸಂಪಾದಿಸಿ, ಭಾನುವಾರಗಳಲ್ಲಿ ಬಿಳಿ ಷರಟು ಹಾಕಿಕೊಂಡು ಹೋಗತೊಡಗಿದರು. ವಾರದ ಉಳಿದ ದಿನ ಆ ಚೀಲ ಬಾಗಿಲ ಹಿಂದೆ ಒರಗಿಕೊಂಡಿರುತ್ತಿತ್ತು. ಅವರು ಅತ್ತ ಹೋದ ಮೇಲೆ ನಾನು ಒಂದು ಕೋಲು ತೆಗೆದುಕೊಂಡು, ಸೆರಗು ಬಿಗಿದು, ಬ್ಯಾಣಕ್ಕೆ ಹೋಗುತ್ತಿದ್ದೆ. ಯಾರೂ ಕಲಿಸಲಿಲ್ಲ. ಚೆಂಡು ಮೇಲೆದ್ದು ಹೋದಾಗ ಎದೆಯಲ್ಲಿ ಏನೋ ಸಡಿಲವಾಗುತ್ತಿತ್ತು. ಚೆಂಡು ಬಿದ್ದ ಕೂಡಲೇ ಮತ್ತೆ ಬಿಗಿಯಾಗುತ್ತಿತ್ತು.

ಮಳೆಗಾಲಕ್ಕೆ ಮುಂಚೆ ಸಾಹೇಬರು ನಮ್ಮನ್ನು ಕಡಲ ತೀರದ ಒಂದು ಹೋಟೆಲಿಗೆ ಕರೆದರು. ಬ್ರಿಟಿಷರ ಕಾಲದ್ದು, ಸಮುದ್ರಕ್ಕೆ ಚಾಚಿಕೊಂಡ ಬಂಡೆಗುಡ್ಡದ ನೆತ್ತಿಯ ಮೇಲಿದೆ, ಅಲ್ಲಿ ನಿಜವಾದ ಗಾಲ್ಫ್ ಮೈದಾನವಿದೆ ಎಂದರು. ಸಾಹೇಬರು, ಅವರ ಹೆಂಡತಿ, ಆ ಹೊರದೇಶದ ಇಂಜಿನಿಯರ್, ಮತ್ತೆ ನಾವಿಬ್ಬರು. ಅತ್ತೆ ಇದ್ದ ಹೊಸನಗರ ದಾಟಿ, ಹುಲಿಕಲ್ ಘಾಟಿ ಇಳಿದು, ಜೋಡಿ ದೋಣಿಗೆ ಹಲಗೆ ಹೊಡೆದ ಜಂಗಲಿನ ಮೇಲೆ ಜೀಪು ಏರಿಸಿ ಹೊಳೆ ದಾಟಿದೆವು. ಇಡೀ ದಾರಿ ನನ್ನವರು ಬೆರಳು ಮುರಿದುಕೊಳ್ಳುತ್ತಾ ಕೂತಿದ್ದರು. ಯಾಕೆ ಎಂದು ಕೇಳಿದ್ದಕ್ಕೆ ಪಿಸುದನಿಯಲ್ಲಿ, “ಸಾಹೇಬ್ರ ಎದ್ರಿಗೆ ಆಡ್ಬೇಕಲ್ಲ ಮಾರಾಯ್ತಿ. ಬ್ಯಾಣದಾಗೆ ಆದ್ರೆ ದನ ಅಡ್ಡ ಬಂತು ಅಂತ ಹೇಳ್ಬಹುದು,” ಎಂದರು.

ಮಾರನೆಯ ದಿನ ಬೆಳಿಗ್ಗೆ ಆ ಮೈದಾನ ಕಂಡೆ. ಗುಡ್ಡದ ಮೇಲೆ ಉದ್ದಕ್ಕೂ ಕತ್ತರಿಸಿದ ಹುಲ್ಲು, ಅದರ ಅಂಚಿಗೆ ಕೆಂಪು ಬಂಡೆ, ಬಂಡೆಯ ಕೆಳಗೆ ಸಮುದ್ರ. ಗಾಳಿಗೆ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಗಂಡಸರು ಹೊರಡುವುದು, ಹೆಂಗಸರಿಬ್ಬರು ವರಾಂಡದಲ್ಲಿ ಕಾಫಿ ಕುಡಿಯುವುದು ಎಂದು ಮೊದಲೇ ತೀರ್ಮಾನವಾಗಿತ್ತು. ನಾನು ಬೆತ್ತದ ಕುರ್ಚಿಯಲ್ಲಿ ಕೂತೆ, ಎದ್ದೆ, ಕಟಕಟೆಯವರೆಗೆ ಹೋಗಿ ಬಂದೆ, ಮತ್ತೆ ಕೂತೆ.

“ಸ್ವಲ್ಪ ಕೂತ್ಕೊಳ್ಳಮ್ಮ. ಕುರ್ಚಿ ಕಚ್ಚುತ್ತಾ?” ಎಂದರು ಸಾಹೇಬರ ಹೆಂಡತಿ. ಅವರು ಮೈಸೂರಿನವರು, ಬೈದರೂ ಮೆತ್ತಗೆ ಬೈಯುತ್ತಿದ್ದರು.

ಅಷ್ಟರಲ್ಲಿ ಹೊರದೇಶದವನ ಕೋಣೆಯಿಂದ ಸುದ್ದಿ ಬಂತು. ಹಿಂದಿನ ದಿನದ ಮೀನುಸಾರು ಅವನ ಹೊಟ್ಟೆಗೆ ಆಗಿಬಂದಿರಲಿಲ್ಲ, ಏಳುವ ಸ್ಥಿತಿಯಲ್ಲಿಲ್ಲ. ಸಾಹೇಬರು ಮುಖ ಸಿಂಡರಿಸಿ, “ಇಬ್ಬರೇ ಏನು ಆಡೋದು? ಬಿಟ್ಬಿಡೋಣ,” ಎಂದರು. ನನ್ನವರಿಗೆ ಬೇಕಾಗಿದ್ದದ್ದೇ ಅದು ಎಂದುಕೊಂಡೆ. ಆದರೆ ಅವರು ಚೀಲದ ಪಟ್ಟಿ ಸರಿಮಾಡುತ್ತಾ, ನನ್ನ ಕಡೆ ನೋಡದೆ, “ನಮ್ಮನೆಯವ್ಳು ಹೊಡೀತಾಳೆ ಸಾರ್,” ಎಂದರು.

ಅವರಿಗೆ ಗೊತ್ತಿದೆ ಎಂದು ನನಗೆ ಗೊತ್ತಿರಲಿಲ್ಲ.

“ಹೌದಾ? ನೀವು ಆಡ್ತೀರಾ?” ಎಂದು ಸಾಹೇಬರು ಕೇಳಿದಾಗ ತಲೆಯಾಡಿಸಿದೆ. ಚಪ್ಪಲಿ ವರಾಂಡದಲ್ಲೇ ಬಿಟ್ಟು, ಡ್ರಿಲ್ ಮಾಡಿಸುವಾಗ ಕಟ್ಟುತ್ತಿದ್ದ ಹಾಗೆ ಸೀರೆಯನ್ನು ಎತ್ತಿ ಕಟ್ಟಿದೆ.

ಮೊದಲ ಏಟಿಗೆ ನಾನು ಬೀಸಿದ ಕೋಲು ಬರೀ ಗಾಳಿಯನ್ನು ಸೀಳಿತು. ಚೆಂಡು ಇದ್ದಲ್ಲೇ ಇತ್ತು. ಸಾಹೇಬರು ಸಮುದ್ರ ನೋಡುವ ಹಾಗೆ ಮಾಡಿದರು. ಎರಡನೆಯ ಏಟಿಗೆ ಅದು ಹುಲ್ಲಿನ ಮೇಲೆ ಉರುಳಿಕೊಂಡು ಸ್ವಲ್ಪ ದೂರ ಹೋಯಿತು. ಆಮೇಲೆ ಒಂದೊಂದೇ ಗುಳಿ ದಾಟುತ್ತಾ ಹೋದ ಹಾಗೆ ಕೈ ಕುದುರಿತು. ಮನಸ್ಸು ಮಾತ್ರ ಕುದುರಲಿಲ್ಲ. ಚೆಂಡಿನ ಹತ್ತಿರ ನಿಂತಾಗ ಹೊಡೆದುಬಿಡಬೇಕು ಅನ್ನಿಸುತ್ತಿತ್ತು, ಹೊಡೆದ ಮೇಲೆ ಅಲ್ಲಿಗೆ ತಲುಪಿಬಿಡಬೇಕು ಅನ್ನಿಸುತ್ತಿತ್ತು. ಸಾಹೇಬರು ಪ್ರತಿ ಏಟಿಗೂ ಮುಂಚೆ ಹುಲ್ಲೆಸಳು ಕಿತ್ತು ಗಾಳಿಗೆ ಬಿಟ್ಟು ನೋಡುವವರು. ಅವರು ಹಾಗೆ ನೋಡುತ್ತಿರುವಾಗ ನಾನು ಅಂಚಿನವರೆಗೆ ಹೋಗಿ ಬರುತ್ತಿದ್ದೆ.

ಕೊನೆಗೆ ಬರುವ ಒಂದು ಗುಳಿಗೆ ಚೆಂಡನ್ನು ಸಮುದ್ರದ ಮೇಲೆ ಹಾಯಿಸಿ ಹೊಡೆಯಬೇಕಿತ್ತು. ಬಂಡೆಗುಡ್ಡ ಅಲ್ಲಿ ಸೀಳಿಕೊಂಡು ಆಳವಾದ ಕೊರಕಲಾಗಿತ್ತು. ಕೆಳಗೆ ನೀರು ನುಗ್ಗಿ, ನೊರೆಯಾಗಿ, ಹಿಂದೆ ಸರಿಯುತ್ತಿತ್ತು. ಆಚೆಯ ದಡದಲ್ಲಿ ಬಾವುಟ. ಸಾಹೇಬರ ಚೆಂಡು ನೆಟ್ಟಗೆ ಹಾರಿ ಆಚೆ ಬಿತ್ತು. ನನ್ನವರದ್ದು ಕೊರಕಲಿಗೆ ಬಿತ್ತು. ಇನ್ನೊಂದು ಹೊಡೆದರು, ಅದೂ ಅಲ್ಲಿಗೇ. ಮತ್ತೊಂದನ್ನು ಹೊರತೆಗೆದು, ಷರಟಿಗೆ ಒರೆಸಿ ಹೊಡೆದರು. ಅದೂ ಹೋಯಿತು. ಅವರು ಅಂಚಿಗೆ ಹೋಗಿ ಇಣುಕಿ ನೋಡಿದರು. ಅಲ್ಲೇನು ಕಾಣುತ್ತದೆ? ಬೆನ್ನಿಗೆ ಅಂಟಿದ ಬಿಳಿ ಷರಟಿನಲ್ಲಿ ಅವರು ಹಾಗೆ ನಿಂತಿರುವಾಗ ನಾನು ನನ್ನ ಚೆಂಡನ್ನು ಹುಲ್ಲಿನ ಮೇಲಿಟ್ಟೆ.

“ನೀವು ಹೊಡೀಬೇಡಿ, ಸುತ್ತು ಹಾಕ್ಕೊಂಡು ಬಂದ್ಬಿಡಿ,” ಎಂದು ಸಾಹೇಬರು ನನಗೆ ಹೇಳಿದರು. ಒಳ್ಳೆಯ ಮಾತೇ. ಆದರೆ ಅಷ್ಟರಲ್ಲಿ ನಾನು ಕೋಲು ಬೀಸಿಯಾಗಿತ್ತು. ಚೆಂಡು ಎತ್ತರಕ್ಕೆ ಹೋಗಿ, ಗಾಳಿಗೆ ಎಡಕ್ಕೆ ವಾಲಿ, ಆಚೆ ದಡದ ಬಂಡೆಗೆ ಟಕ್ಕನೆ ಬಡಿದು ಹುಲ್ಲಿನ ಮೇಲಕ್ಕೆ ನೆಗೆಯಿತು. ನನ್ನ ಕೈಚಳಕವೇನೂ ಅಲ್ಲ, ಬಂಡೆ ಅಲ್ಲಿತ್ತು ಅಷ್ಟೆ. ನಾನು ಓಡಿದೆ. ಕೊರಕಲನ್ನು ಬಳಸಿ ಹೋಗುವ ಕಾಲುದಾರಿಯಲ್ಲಿ ಕೋಲು ಹಿಡಿದುಕೊಂಡೇ ಓಡಿದೆ.

“ನಿಧಾನಮ್ಮಾ! ಅದೇನು ಓಡಿ ಹೋಗಲ್ಲ!” ಎಂದು ಸಾಹೇಬರು ಕೂಗಿದ್ದು ಕೇಳಿಸಿತು. ನಿಲ್ಲಲಿಲ್ಲ.

ಅಲ್ಲಿ ಹೋಗಿ ಚೆಂಡನ್ನು ಗುಳಿಗೆ ಹಾಕಲು ನನ್ನಿಂದ ಆಗಲೇ ಇಲ್ಲ. ಮೆತ್ತಗೆ ತಳ್ಳಬೇಕಾದ ಕಡೆ ಜೋರಾಗಿ ತಳ್ಳಿದೆ. ಆ ಕಡೆಗೆ ಹೋಯಿತು. ಮತ್ತೆ ತಳ್ಳಿದೆ, ಈ ಕಡೆಗೆ ಬಂತು. ಸಾಹೇಬರು ನಗು ತಡೆಯಲಾರದೆ ಟೊಪ್ಪಿ ತೆಗೆದು ಮುಖ ಒರೆಸಿಕೊಂಡರು. ಕೊನೆಗೆ ಗೆದ್ದವರು ಅವರೇ. ಗಂಡನ ಬೆನ್ನು ತಟ್ಟಿ, “ಇಬ್ಬರನ್ನೂ ಒಂದು ಮಾಡಿದ್ರೆ ಒಬ್ಬ ಆಟಗಾರ ಆಗ್ತಾನೆ ನೋಡಿ,” ಎಂದರು. ನನ್ನವರು ನಕ್ಕರು. ಆ ನಗು ಊಟದ ಹೊತ್ತಿಗೇ ಮಾಯವಾಗಿತ್ತು.

ಸಂಜೆ ಎಲ್ಲರೂ ವರಾಂಡದಲ್ಲಿ ಕೂತು ಸೂರ್ಯ ಇಳಿಯುವುದನ್ನು ನೋಡುತ್ತಿದ್ದರು. ನಾನು ಬೆಳಕು ಇನ್ನೆಷ್ಟು ಉಳಿದಿದೆ ಎಂದು ನೋಡುತ್ತಿದ್ದೆ. ಗಂಡನ ಮೊಣಕೈ ಮುಟ್ಟಿ, ಕೊರಕಲಿನವರೆಗೆ ಹೋಗಿ ಬರೋಣ ಎಂದೆ. ಕೋಲು ಹಿಡಿದಿದ್ದೇನೋ ಏನೋ ಎಂದು ಹೆದರಿದವರ ಹಾಗೆ ಅವರು ನನ್ನ ಕೈ ನೋಡಿದರು. ಬರಿಗೈಯಲ್ಲೇ ಹೋದೆವು.

ಅಂಚಿನಿಂದ ಸ್ವಲ್ಪ ದೂರದಲ್ಲಿ ಹುಲ್ಲಿನ ಮೇಲೆ ಕೂತ ಮೇಲೆ ಅವರೇ ಮಾತು ತೆಗೆದರು. “ನಂಗೆ ಈ ಆಟ ಕಂಡ್ರೆ ಆಗಲ್ಲ. ಸಾಹೇಬ್ರು ಆಡ್ತಾರೆ ಅಂತ ಆಡ್ತೀನಿ.”

“ನಾನು ಹೊಡೆಯೋದು ಹೆಂಗೆ ಗೊತ್ತಾಯ್ತು?”

“ಬ್ಯಾಣದ ತುಂಬ ಹುಲ್ಲು ಕಿತ್ತು ಬಂದಿತ್ತು. ಅಷ್ಟು ಕೆಟ್ಟದಾಗಿ ದನಾನೂ ಮೇಯಲ್ಲ.” ನನ್ನ ಕಡೆ ತಿರುಗಿ ಹೇಳಿದರು, “ಬೆಳಿಗ್ಗೆಯಿಂದ ನೋಡ್ತಿದೀನಿ. ಇಂಥ ಜಾಗಕ್ಕೆ ಬಂದ್ರೂ ನಿಂಗೆ ಸಮಾಧಾನ ಇಲ್ಲ. ನಿಂಗೆ ಎಂತ ಬೇಕು ಹೇಳು.”

“ಕೆಲ್ಸ.”

ಉತ್ತರ ಅಷ್ಟು ಬೇಗ ಬಾಯಿಂದ ಬಿದ್ದದ್ದಕ್ಕೆ ನನಗೇ ಆಶ್ಚರ್ಯವಾಯಿತು. ಅವರು ಒಂದು ಕಲ್ಲು ತೆಗೆದು ಕೊರಕಲಿಗೆ ಎಸೆದರು.

“ಸಾಗರದಾಗೆ ನಿನ್ನ ಜಾಗಕ್ಕೆ ಬೇರೆಯವ್ರು ಬಂದಾಗಿದೆ.”

“ತೀರ್ಥಹಳ್ಳೀಲಿ ಖಾಲಿ ಇದೆಯಂತೆ. ಅಕ್ಕನ ಮನೆ ಅಲ್ಲೇ ಇದೆ.”

“ಅಲ್ಲಿಂದ ದಿನಾ ಓಡಾಡಕ್ಕಾಗುತ್ತಾ?”

“ಇಲ್ಲ. ಶನಿವಾರ ಬರ್ತೀನಿ. ಇಲ್ಲಾ ನೀವು ಬನ್ನಿ.”

ಅವರು ಮತ್ತೊಂದು ಕಲ್ಲು ಎಸೆದರು. ಕೋಪ ಬಂದಿದೆಯೋ, ಯೋಚನೆ ಮಾಡುತ್ತಿದ್ದಾರೋ ಗೊತ್ತಾಗದೆ ನಾನು ಎದ್ದು ನಿಂತೆ. “ಕೂತ್ಕೋ,” ಎಂದರು. ಕೂತೆ. “ಅಮ್ಮಂಗೆ ನೀನೇ ಹೇಳ್ಬೇಕು. ನಂಗಾಗಲ್ಲ,” ಎಂದರು. ಅವರು ಒಪ್ಪಿದ್ದು ಹಾಗೆ.

ಶಾಲೆ ಶುರುವಾಗುವ ಹೊತ್ತಿಗೆ ನಾನು ತೀರ್ಥಹಳ್ಳಿಯಲ್ಲಿದ್ದೆ. ಕಾಲೊನಿಯಲ್ಲಿ ಗಂಡ ಹೆಂಡತಿಗೆ ಜಗಳವಾಗಿದೆಯಂತೆ ಎಂದು ಸುದ್ದಿಯಾಯಿತು. ಸಾಹೇಬರ ಹೆಂಡತಿ ನನ್ನವರನ್ನು ಊಟಕ್ಕೆ ಕರೆದು ಬುದ್ಧಿ ಹೇಳಿದರಂತೆ. ಕೆಲವು ಶನಿವಾರ ಅವರು ಬರುತ್ತಿದ್ದರು, ಕೆಲವು ಶನಿವಾರ ಕಾಂಕ್ರೀಟ್ ಕೆಲಸ ನಿಲ್ಲದೆ ಬರುತ್ತಿರಲಿಲ್ಲ. ಬಾರದ ವಾರ ನನಗೆ ಅಕ್ಕನ ಮನೆಯಲ್ಲಿ ಯಾವ ಕೋಣೆಯಲ್ಲೂ ನಿಲ್ಲಲಾಗುತ್ತಿರಲಿಲ್ಲ. ಸರಿಯಾದದ್ದನ್ನು ಮಾಡಿದೆನೋ ಇಲ್ಲವೋ ಎಂದು ಅನುಮಾನ ಬರುತ್ತಿತ್ತು. ಸೋಮವಾರ ಮೈದಾನಕ್ಕಿಳಿದರೆ ಅದು ನೆನಪಾಗುತ್ತಿರಲಿಲ್ಲ.

ಅತ್ತೆಗೆ ನಾನು ಹೇಳಿರಲಿಲ್ಲ. ಧೈರ್ಯ ಸಾಲದೆ ದಿನ ತಳ್ಳಿದ್ದೆ. ಒಂದು ಮಧ್ಯಾಹ್ನ ನಾನು ಹುಡುಗಿಯರನ್ನು ಓಡಿಸುತ್ತಿದ್ದಾಗ ಶಾಲೆಯ ಬೇಲಿಯ ಹತ್ತಿರ ಅತ್ತೆ ನಿಂತಿದ್ದರು. ಕಾಲೊನಿಯ ಸುದ್ದಿ ಹೇಗೋ ಕಿವಿಗೆ ಬಿದ್ದು, ಹೊಸನಗರದಿಂದ ಬಸ್ಸಿನಲ್ಲಿ ಒಬ್ಬರೇ ಬಂದಿದ್ದರು. ನನ್ನನ್ನು ಕರೆದುಕೊಂಡು ಹೋಗಲು ಬಂದಿದ್ದಾರೆ ಎಂಬುದರಲ್ಲಿ ಅನುಮಾನವಿರಲಿಲ್ಲ. ಆದರೂ ಡ್ರಿಲ್ ನಡುವೆ ನಿಲ್ಲಿಸಲಿಲ್ಲ. ಗಂಟೆ ಹೊಡೆದ ಮೇಲೆ ಹೋಗಿ ಎದುರು ನಿಂತೆ.

ಅವರು ನನ್ನನ್ನು ನೋಡಲಿಲ್ಲ, ಮಕ್ಕಳನ್ನು ನೋಡುತ್ತಿದ್ದರು. “ಈ ಬಿಸ್ಲಲ್ಲಿ ಹಿಂಗೆ ಓಡಿಸ್ತೀಯಲ್ಲ, ಆ ಮಕ್ಕಳಿಗೆ ಕುಡಿಯಕ್ಕೆ ನೀರಿಟ್ಟಿದೀಯೇನೆ?” ಎಂದರು.

ಇಟ್ಟಿರಲಿಲ್ಲ. ಇಬ್ಬರೂ ಬಾವಿಕಟ್ಟೆಗೆ ಹೋದೆವು. ಅವರು ಸೇದಿದರು, ನಾನು ಲೋಟದಲ್ಲಿ ಎತ್ತಿ ಮಕ್ಕಳಿಗೆ ಕೊಟ್ಟೆ. ಬಂದ ವಿಷಯ ಈಗ ಎತ್ತುತ್ತಾರೆ, ಇನ್ನೊಂದು ಗಳಿಗೆಗೆ ಎತ್ತುತ್ತಾರೆ ಎಂದು ಕಾಯುತ್ತಲೇ ಇದ್ದೆ. ಅವರು ಎತ್ತಲಿಲ್ಲ. ಬಂದ ಹಾಗೇ ಒಬ್ಬರೇ ಸಂಜೆಯ ಬಸ್ಸು ಹತ್ತಿ ಹೋದರು.