ಹೆಜ್ಜಾರ್ಲೆಗೆ ಬಿದ್ದ ಹೆಬ್ಬೆರಳು

ಹ್ಯಾಲೊರನ್ ಬೇ ಎಂಬ ಊರಿನ ಕೌನ್ಸಿಲ್ ಕಚೇರಿಯಲ್ಲಿ ಲೋರ್ನಾ ಪೆಥೆರಿಕ್ ನಡೆದು ಬರುವ ಸದ್ದು ಕೇಳಿದರೆ ಸಾಕು, ಮಾತಾಡುತ್ತಿದ್ದವರು ಸುಮ್ಮನಾಗುತ್ತಿದ್ದರು. ಹೆದರಿ ಅಲ್ಲ. ಯಾವ ಮಾತಿನ ಬಾಲ ಹಿಡಿದು "ಇದನ್ನ ದಾಖಲೆಗೆ ಸೇರಿಸಿದ್ರಾ?" ಎಂದು ಕೇಳಿಬಿಡುತ್ತಾಳೋ ಎಂದು. ಅವಳು ದಾಖಲೆ ವಿಭಾಗದ ಮುಖ್ಯಸ್ಥೆ. ಆ ವಿಭಾಗದಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ಸಿಬ್ಬಂದಿಯೂ ಅವಳೇ, ತನ್ನ ಹುಟ್ಟುಹಬ್ಬಕ್ಕೆ ಕೇಕ್ ತಂದುಕೊಳ್ಳಬೇಕಾದವಳೂ ಅವಳೇ.

ಹುಡುಗಿಯಾಗಿದ್ದಾಗ ನೆಲಮಾಳಿಗೆಯಲ್ಲಿ ಮುಗ್ಗಲು ವಾಸನೆಯ ಕಡತಗಳ ನಡುವೆ ಕೆಲಸ ಶುರುಮಾಡಿದವಳು ಅವಳು. ಆಗ ಕಡತ ಕಳೆದುಹೋದರೂ ಕಪಾಟಿನ ಹಿಂದೆ ಕೈಹಾಕಿದರೆ ಸಿಗುತ್ತಿತ್ತು. ಆಮೇಲೆ ಕಂಪ್ಯೂಟರ್ ಬಂತು, ಇಮೇಲ್ ಬಂತು, ಅದನ್ನೂ ಹೇಗೋ ಪಳಗಿಸಿಕೊಂಡಳು. ಕೋವಿಡ್ ಕಾಲದಲ್ಲಿ ಎಲ್ಲರೂ ಮನೆಯಲ್ಲಿ ಕೂತು ಕೆಲಸ ಮಾಡತೊಡಗಿದಾಗ ಚಾಟ್ ಬಂತು ನೋಡಿ, ಅಲ್ಲಿಂದ ಅವಳ ನೆಮ್ಮದಿ ಕೆಟ್ಟಿತು. ರಸ್ತೆಗೊಂದು ಗುಂಪು, ಕಸಕ್ಕೊಂದು ಗುಂಪು, ಪ್ರಿಂಟರನ್ನು ಬೈಯಲು ಒಂದು ಗುಂಪು, ಹಾಗೆ ಬೈಯುವವರನ್ನು ಬೈಯಲು ಇನ್ನೊಂದು. ಎಲ್ಲಕ್ಕಿಂತ ತುಂಬಿ ತುಳುಕುತ್ತಿದ್ದದ್ದು 'ಶುಕ್ರವಾರದ ಪೈ' ಗುಂಪು. ವಾರಕ್ಕೊಮ್ಮೆ ಬೇಕರಿಯಿಂದ ಹೂರಣ ತುಂಬಿದ ಬಿಸಿ ಪೈ ತರಿಸಲು ಹುಟ್ಟಿದ್ದು ಅದು. ಎಲ್ಲರೂ ಅಲ್ಲೇ ಇರುತ್ತಾರಲ್ಲ ಎಂದು ಚರಂಡಿ, ಬೀದಿದೀಪ, ಸ್ಮಶಾನದ ಬೇಲಿಯ ಮಾತೂ ಅಲ್ಲೇ ನಡೆಯತೊಡಗಿತು.

ಲೋರ್ನಾ ಎಲ್ಲರನ್ನೂ ಕೂರಿಸಿ ಸ್ಕೋನ್ ತಿನ್ನಿಸಿ ಪಾಠ ಹೇಳಿದಳು. "ಚಾಟ್‌ನಲ್ಲಿ ಹೂಂ ಅನ್ನೋಕೆ ನೀವು ಒತ್ತೋ ಹೆಬ್ಬೆರಳಿನ ಚಿತ್ರಾನೂ ದಾಖಲೆನೇ. ತೀರ್ಮಾನ ಆದ್ರೆ ನಂಗೆ ಕಳ್ಸಿ." ಸ್ಕೋನ್ ಮುಗಿಸಿ ಎದ್ದುಹೋದವರೆಲ್ಲ ಒಪ್ಪಿಗೆಯೆಂದು ಅವಳಿಗೆ ಹೆಬ್ಬೆರಳು ಕಳಿಸಿದರು.

ಪೈ ಗುಂಪಿನ ಮೇಲೆ ಒಂದು ಕಣ್ಣಿಡಬೇಕೆಂದು ತಾನೂ ಅದರೊಳಗೆ ಸೇರಿಕೊಂಡಳು. ಕಣ್ಣಿಡಲು ಹೋದವಳು ಕ್ರಮೇಣ ಬಾಯನ್ನೂ ಇಟ್ಟಳು.

ಹೀಗಿರುವಾಗ ಹೆಜ್ಜಾರ್ಲೆಯ ಪ್ರಸಂಗ ಬಂತು. ಊರಿನ ಕಡಲದಂಡೆಯಲ್ಲಿ ಒಂದು ಸಿಮೆಂಟಿನ ಹೆಜ್ಜಾರ್ಲೆ, ಅಂದರೆ ಪೆಲಿಕನ್ ಹಕ್ಕಿ ಇತ್ತು, ಆಳೆತ್ತರದ್ದು. ಅದರ ಮುಖ ವೂಲಾ ಕರಾಸ್‌ಳ ಮೀನು-ಚಿಪ್ಸ್ ಅಂಗಡಿಯ ಕಡೆಗಿತ್ತು. ಒಂದು ಬೆಳಿಗ್ಗೆ ವೂಲಾ ಬಾಗಿಲು ತೆಗೆದು ನೋಡಿದರೆ ಹಕ್ಕಿ ಕಡಲಿಗೆ ಮುಖಮಾಡಿ ಕೂತಿದೆ, ಅಂಗಡಿಯ ಕಡೆಗೆ ಅದರ ಕುಂಡೆ. ವೂಲಾ ಕೌನ್ಸಿಲ್ಲಿಗೆ ಫೋನ್ ಮಾಡಿದಳು. ಯಾರನ್ನು ಕೇಳಿದರೂ ಗೊತ್ತಿಲ್ಲ ಎಂದರು. ಆಗ ಅವಳು ಮಾಹಿತಿ ಕೇಳಿ ಅರ್ಜಿಯನ್ನೇ ಹಾಕಿದಳು: ಹಕ್ಕಿಯನ್ನು ತಿರುಗಿಸಲು ತೀರ್ಮಾನ ಮಾಡಿದ್ದು ಯಾರು, ಏಕೆ?

ಅರ್ಜಿ ಲೋರ್ನಾಳ ಮೇಜಿಗೆ ಬಂತು. ವೂಲಾ ಅವಳ ಗೆಳತಿ. ಶನಿವಾರ ಶನಿವಾರ ಕ್ಲಬ್ಬಿನ ಹುಲ್ಲುಹಾಸಿನ ಮೇಲೆ ಇಬ್ಬರೂ ಜೋಡಿಯಾಗಿ ಚೆಂಡು ಉರುಳಿಸುವ ಬೌಲ್ಸ್ ಆಡುತ್ತಿದ್ದರು. ಲೋರ್ನಾ ಇಡೀ ದಾಖಲೆ ವ್ಯವಸ್ಥೆ ಜಾಲಾಡಿದಳು. ಹಕ್ಕಿಗೆ ಬಣ್ಣ ಬಳಿದದ್ದಿತ್ತು, ತಿರುಗಿಸಿದ್ದಿರಲಿಲ್ಲ. ಕೊನೆಗೆ ಅನುಮಾನ ಬಂದು ಇಂಜಿನಿಯರ್ ಗ್ಯಾವಿನ್ ಸ್ಟ್ರಾಹನ್‌ನ ಕೋಣೆಗೆ ಹೋದಳು.

"ಅದಾ?" ಎಂದ ಗ್ಯಾವಿನ್. "ಸಿಮೆಂಟ್ ಲಾರಿಗೆ ಕೊಕ್ಕು ಅಡ್ಡ ಬರ್ತಿತ್ತು. ಪೈ ಗುಂಪಲ್ಲಿ ಕೇಳಿದ್ನಲ್ಲ, ಎಲ್ರೂ ಹೂಂ ಅಂದ್ರು."

"ಪೈ ಗುಂಪಲ್ಲಾ?"

"ಅದು ಬರೀ ಹರಟೆ ಕಣೇ ಲೋರ್ನಾ. ಅಳಿಸಿಬಿಟ್ರೆ ಮುಗೀತು."

"ಅರ್ಜಿ ಬಂದ್ಮೇಲೆ ಅಳಿಸಿದ್ರೆ ನಿನ್ನ ಕೋರ್ಟಿಗೆ ಎಳೀತಾರೆ ಮಾರಾಯ. ನಾನೇ ಸಾಕ್ಷಿ ಹೇಳೋಕೆ ಬರ್ತೀನಿ, ಹೊಸ ಕೋಟು ಹಾಕ್ಕೊಂಡು. ಹರಟೇಲೇ ತಾನೇ ನೀನು ಊರ ಹಕ್ಕಿ ತಿರುಗಿಸಿದ್ದು?"

ಲೋರ್ನಾ ಗುಂಪಿನ ಹಳೆಯ ಮಾತುಗಳನ್ನು ಹಿಂದಕ್ಕೆ ಸರಿಸುತ್ತ ಹೋದಳು. ಸಿಕ್ಕಿತು. 'ಹಕ್ಕಿ ತಿರುಗಿಸಿಬಿಡೋಣ್ವಾ?' ಎಂದು ಗ್ಯಾವಿನ್. ಅದರ ಬೆನ್ನಿಗೇ 'ಈ ಸಲ ಅಣಬೆ ಪೈ ಆಗಬಹುದಾ?' ಎಂದು ಇನ್ಯಾರೋ. ಕೆಳಗೆ ಹೆಬ್ಬೆರಳುಗಳ ಸಾಲು, ಅದರಲ್ಲಿ ಮುಖ್ಯಾಧಿಕಾರಿಯದೂ ಒಂದು. ಲೋರ್ನಾ ಮಹಡಿ ಹತ್ತಿ ಅವರನ್ನೇ ಕೇಳಿದಳು, "ನಿಮ್ಮ ಹೆಬ್ಬೆರಳು ಹಕ್ಕಿಗೋ, ಅಣಬೆಗೋ?"

ಮುಖ್ಯಾಧಿಕಾರಿ ಆ ಸಾಲುಗಳನ್ನು ಎರಡು ಸಲ ಓದಿದರು. "ನಂಗೆ ಅಣಬೆ ಅಂದ್ರೆ ಇಷ್ಟ," ಎಂದರು.

ಒಳಗೊಳಗೇ ಗೆದ್ದ ಖುಷಿಯಲ್ಲಿ ಲೋರ್ನಾ ವಾಪಸು ಬಂದು ಮುಂದಕ್ಕೆ ಓದಿದಳು. ಹೆಬ್ಬೆರಳುಗಳ ಕೆಳಗೆ ಅವಳದೇ ಹೆಸರಿತ್ತು: 'ತಿರುಗಿಸಿ, ತಿರುಗಿಸಿ. ವೂಲಾ ಒಂದಷ್ಟು ದಿನ ಅದರ ಕುಂಡೆ ನೋಡ್ಕೊಂಡಿರಲಿ. ಊರೆಲ್ಲ ಮೂಗೆತ್ಕೊಂಡು ಓಡಾಡ್ತಾಳೆ. ಚಿಪ್ಸ್ ನೋಡಿದ್ರೆ ಈಚೆಗೆ ಬರೀ ಎಣ್ಣೆ.' ಪಕ್ಕದಲ್ಲಿ ಹೊಟ್ಟೆ ಹಿಡಿದು ನಗುವ ಹಳದಿ ಮುಖಗಳು. ಬೌಲ್ಸ್ ಆಟದಲ್ಲಿ ಯಾವುದೋ ಜಗಳವಾದ ವಾರ ಅದು. ಬರೆದದ್ದು ಅವಳಿಗೆ ಮರೆತೇ ಹೋಗಿತ್ತು.

ಅರ್ಜಿಗೆ ಸಂಬಂಧವಿಲ್ಲದ್ದನ್ನು ಕಪ್ಪು ಗೆರೆ ಎಳೆದು ಮುಚ್ಚಿ ಕೊಡಲು ನಿಯಮದಲ್ಲಿ ಅವಕಾಶವಿತ್ತು. ಮುಚ್ಚುವ ಅಧಿಕಾರವೂ ಅವಳದೇ. ಇದು ಸಂಬಂಧವಿಲ್ಲದ ಮಾತೇ ಎಂದು ಅವಳು ತನಗೆ ತಾನೇ ವಾದ ಮಾಡಿಕೊಂಡಳು. ಆದರೆ ಮೊದಲ ಶಬ್ದವೇ 'ತಿರುಗಿಸಿ' ಎಂದಿತ್ತು. ಮನೆಗೆ ಹೋಗಿ ಗಂಡ ಡೆಸ್‌ನ ಮುಂದೆ ಹೇಳಿಕೊಂಡಳು.

"ಬೇರೆ ಯಾರಾದ್ರೂ ಹೀಗೆ ಬರೆದಿದ್ರೆ ಮುಚ್ತಿದ್ಯಾ?" ಎಂದು ಡೆಸ್ ಕೇಳಿದ.

"ದಪ್ಪ ಅಕ್ಷರದಲ್ಲಿ ಮುದ್ರಿಸಿ ಕೊಡ್ತಿದ್ದೆ."

"ಹಾಗಾದ್ರೆ ಹೋಗು, ಕೊಟ್ಟು ಬಾ. ಚಿಪ್ಸ್ ವಿಷ್ಯದಲ್ಲಿ ಮಾತ್ರ ನೀನು ಬರೆದಿರೋದು ನಿಜ."

ಅಂಚೆಗೆ ಹಾಕಿ ತಪ್ಪಿಸಿಕೊಳ್ಳಬಹುದಿತ್ತು. ಅವಳು ಪೂರ್ತಿ ಪ್ರತಿ ತೆಗೆದು, ಮಧ್ಯಾಹ್ನದ ಗಿರಾಕಿಗಳು ಕರಗಿದ ಮೇಲೆ ತಾನೇ ಅಂಗಡಿಗೆ ಹೋದಳು. ವೂಲಾ ಕೈ ಒರೆಸಿಕೊಂಡು ಕನ್ನಡಕ ಹಾಕಿಕೊಂಡು ಓದಿದಳು. ಅಣಬೆಯ ಹತ್ತಿರ ನಕ್ಕಳು. ಅದರ ಕೆಳಗೆ ಬಂದಾಗ ನಗು ನಿಂತಿತು.

"ಮೂಗಿನ ಮಾತು ಬಿಡು," ಎಂದಳು ವೂಲಾ. "ನಮ್ಮಮ್ಮಂದೂ ಇದೇ ಮೂಗು. ಎಣ್ಣೇನಾ? ನನ್ನ ಚಿಪ್ಸ್ ಎಣ್ಣೇನಾ?"

"ವೂಲಾ, ಅವತ್ತು ಏನೋ ಸಿಟ್ಟಲ್ಲಿ..."

"ಎದುರಿಗೆ ಹೇಳೋಕೆ ನಿಂಗೆ ಬಾಯಿರ್ಲಿಲ್ವೇನೇ? ಹೋಗು, ನಂಗೆ ಮೀನು ಕತ್ತರಿಸ್ಬೇಕು."

ಮುಂದಿನ ಶನಿವಾರ ವೂಲಾ ಬೇರೆ ಜೋಡಿ ಹುಡುಕಿಕೊಂಡಳು. ಲೋರ್ನಾ ಬೇಲಿಯಾಚೆ ಬೆಂಚಿನ ಮೇಲೆ ಕೂತು, ಯಾರೂ ಕೇಳದಿದ್ದರೂ, ಆಟ ನೋಡೋದೇ ಚೆನ್ನಾಗಿರುತ್ತೆ ಎಂದು ಎಲ್ಲರಿಗೂ ಹೇಳುತ್ತಿದ್ದಳು.

ಕೌನ್ಸಿಲ್ ಸಭೆಯ ದಿನ ವೂಲಾ ಎದ್ದುನಿಂತು ಇಡೀ ಚಾಟನ್ನು ಗಟ್ಟಿಯಾಗಿ ಓದಿದಳು, ಲೋರ್ನಾಳ ಮಾತನ್ನೂ ಬಿಡದೆ, ಅವಳದೇ ಧಾಟಿಯಲ್ಲಿ. ಸಭೆ ಬಿದ್ದು ಬಿದ್ದು ನಕ್ಕಿತು. ಮೂಲೆಯಲ್ಲಿ ಕೂತು ನಡಾವಳಿ ಬರೆದುಕೊಳ್ಳುತ್ತಿದ್ದ ಲೋರ್ನಾಗೆ ಆ ನಗುವನ್ನೂ ಬರೆಯಬೇಕೋ ಬೇಡವೋ ತಿಳಿಯಲಿಲ್ಲ. ಸದಸ್ಯರು ಗಂಭೀರವಾಗಿ ಹಕ್ಕಿಯನ್ನು ಮೊದಲಿನಂತೆ ತಿರುಗಿಸುವ ಗೊತ್ತುವಳಿ ತಂದರು.

"ಬೇಡ," ಎಂದಳು ವೂಲಾ.

ಸಭೆ ಕಕ್ಕಾಬಿಕ್ಕಿಯಾಯಿತು.

"ಮಕ್ಕಳೆಲ್ಲ ಅದರ ಹಿಂಭಾಗದ ಜೊತೆ ಫೋಟೋ ತೆಗೆಸ್ಕೊಂಡು ಸೀದಾ ನಮ್ಮಂಗಡಿಗೆ ಬರ್ತಾರೆ. ಈಗ ಅಲ್ಲೇ ಇರಲಿ. ನನ್ನನ್ನ ಒಂದು ಮಾತು ಕೇಳ್ಬೇಕಿತ್ತು, ಅಷ್ಟೇ. ಇಷ್ಟು ಜನ ಸೇರಿ ಹೆಬ್ಬೆರಳು ಒತ್ತಿದ್ರಿ, ಒಬ್ರಾದ್ರೂ ರಸ್ತೆ ದಾಟಿ ಬಂದು ಕೇಳಿದ್ರಾ?" ಆಮೇಲೆ ಮೂಲೆಯ ಕಡೆ ತಿರುಗಿ, "ಏ ಲೋರ್ನಾ, ಬರ್ಕೊಂಡ್ಯಾ?"

"ಬರ್ಕೊಂಡೆ."

"ಆ ಮೂಲೇಲಿ ಕೂತಿರೋಳು ಒಬ್ಳೇ ರಸ್ತೆ ದಾಟಿ ಬಂದು ಕೊಟ್ಳು. ತಾನೇ ಬೈದಿದ್ದನ್ನ ತಾನೇ ತಂದುಕೊಟ್ಳು. ಅದನ್ನೂ ಬರ್ಕೋ."

ಲೋರ್ನಾ ಬರೆದುಕೊಳ್ಳಲಿಲ್ಲ. ಆ ಸಂಜೆಯ ನಡಾವಳಿಯಲ್ಲಿ ಅದೊಂದು ವಾಕ್ಯ ಬಿಟ್ಟುಹೋಗಿದೆ. ಕನ್ನಡಕ ಮಂಜಾಗಿತ್ತು ಎಂದು ಅವಳು ಹೇಳುತ್ತಾಳೆ.

ಆಮೇಲೆ ಪೈ ಗುಂಪಿನಲ್ಲಿ ಪೈ ಮಾತ್ರ ಉಳಿಯಿತು. ತೀರ್ಮಾನಗಳಿಗೆ ಲೋರ್ನಾ ಬೇರೆ ಗುಂಪು ಮಾಡಿದಳು. ಅಲ್ಲಿ ಹೂಂ ಅನ್ನುವವರು ಯಾವುದಕ್ಕೆ ಹೂಂ ಎಂದು ಬಿಡಿಸಿ ಬರೆಯಬೇಕು. ಬರೆದದ್ದು ತಾನಾಗಿಯೇ ದಾಖಲೆಗೆ ಸೇರುತ್ತದೆ. ಗ್ಯಾವಿನ್ ಈಗ ಅಲ್ಲಿ ಒಂದು ಕಸದ ಡಬ್ಬಿ ಸರಿಸಬೇಕಾದರೂ ಮದುವೆ ಕರೆಯೋಲೆಯ ಹಾಗೆ ಬರೆಯುತ್ತಾನೆ: ಸಮಸ್ತ ಸಹೋದ್ಯೋಗಿಗಳ ಸಮ್ಮತಿಯನ್ನು ಕೋರಿ.