ಬಿಳುಪು ಮನೆಯ ಹೆಲ್ವಿ

ಹೆಲ್ವಿ ತಿಯಾಯ್ನೆನ್ ಮಹಾ ಪುಕ್ಕಲಿ ಅಂತ ಕಾರ್ಖಾನೆಯಲ್ಲೆಲ್ಲ ಹೆಸರಾಗಿತ್ತು. ಹಾಗೆ ಹೆಸರಿಟ್ಟವರಲ್ಲಿ ನಾನೂ ಒಬ್ಬ. ಪೂರ್ವ ಫಿನ್ಲೆಂಡಿನ ಸರೋವರದ ದಂಡೆಯಲ್ಲಿ ಮರ ಬೇಯಿಸಿ ಕಾಗದದ ತಿರುಳು ಮಾಡುವ ಕಾರ್ಖಾನೆ ನಮ್ಮದು. ಬೆಂದ ಕಂದು ತಿರುಳನ್ನು ನಾನು ತೊಳೆದು ಕಳಿಸಿದರೆ, ಪಕ್ಕದ ಬಿಳುಪು ಮನೆಯಲ್ಲಿ ಅವಳು ಕ್ಲೋರಿನ್ ಹಾಕಿ ಬೆಳ್ಳಗೆ ಮಾಡಬೇಕು.

ಎಪ್ಪತ್ತೊಂಬತ್ತರಲ್ಲಿ ಕ್ಲೋರಿನ್ ಕೊಳವೆಯೊಂದು ಬಿರಿದು ಹೆಲ್ವಿ ಮೂರು ವಾರ ಆಸ್ಪತ್ರೆಯಲ್ಲಿದ್ದಳು. ಅಂದಿನಿಂದ ವಿಷಗಾಳಿ ತಡೆಯುವ ಮುಖವಾಡ ಅವಳ ಸೊಂಟ ಬಿಟ್ಟು ಇಳಿಯಲಿಲ್ಲ. ಎಲ್ಲಿ ಹೋದರೂ ಮೊದಲು ಬಾಗಿಲು ಎಷ್ಟಿವೆ ಅಂತ ನೋಡುವಳು.

"ಸೌನಾದ ಉಗಿಸ್ನಾನಕ್ಕೂ ಇದನ್ನ ಕಟ್ಕೊಂಡೇ ಹೋಗ್ತೀಯೇನೇ?" ಅಂತ ಕೆಣಕುತ್ತಿದ್ದೆ.

"ನೀನು ಪಕ್ಕದಲ್ಲಿ ಕೂತ್ರೆ ಬೇಕಾಗತ್ತೆ ಕಣೋ, ಕಲೆರ್ವೊ."

ನಗುವಾಗಲೂ ಅವಳ ಕಣ್ಣು ಬಾಗಿಲ ಮೇಲೇ ಇರುತ್ತಿತ್ತು.

ತೊಂಬತ್ತೊಂದರ ಫೆಬ್ರವರಿಯಲ್ಲಿ ನಮ್ಮ ಪ್ರಯೋಗಾಲಯದ ಹೊಸ ಹುಡುಗಿ ಔತಿ, ಕಂದು ದ್ರವದ ಡಬ್ಬಿಗಳನ್ನು ತಂದಳು. ಬೂಷ್ಟಿನಿಂದ ತೆಗೆದ ಕಿಣ್ವವಂತೆ. ತಿರುಳಿನ ಎಳೆಯ ಮೇಲಿನ ಪದರವನ್ನು ಅದು ಸಡಿಲಿಸುತ್ತದೆ. ಆಮೇಲೆ ಬಣ್ಣ ಸಲೀಸಾಗಿ ಬಿಡುತ್ತದೆ.

"ಕ್ಲೋರಿನ್ ಕಾಲು ಭಾಗ ಕಮ್ಮಿ ಸಾಕು," ಅಂದಳು ಔತಿ.

"ನಿನ್ನ ಬೂಷ್ಟು ಬದಲಿಗೆ ಏನು ಕೇಳತ್ತೆ?" ಅಂದಳು ಹೆಲ್ವಿ.

"ಹದವಾದ ಬಿಸಿ. ಮತ್ತೆ ತಿರುಳಿನ ಕ್ಷಾರ ಇಳೀಬೇಕು, ಅದಕ್ಕೆ ಒಂದಿಷ್ಟು ಆ್ಯಸಿಡ್."

ಹೆಲ್ವಿ ಸೊಂಟದ ಮುಖವಾಡ ಮುಟ್ಟಿ ನೋಡಿಕೊಂಡಳು. "ತಿರುಳು ಸರಿಯಾಗಿ ತೊಳೆದಿಲ್ಲದಿದ್ರೆ?"

ಇಬ್ಬರೂ ನನ್ನ ಕಡೆ ನೋಡಿದರು. "ತೊಳೆದಿದೆ," ಅಂದೆ.

ಅವತ್ತು ಬೆಳಿಗ್ಗೆ ನನ್ನ ಯಂತ್ರದ ಎರಡು ನೀರಿನ ಕೊಳವೆ ಕಟ್ಟಿಕೊಂಡಿದ್ದವು. ಊಟವಾದ ಮೇಲೆ ಬಿಡಿಸಿದರಾಯಿತು ಅಂದುಕೊಂಡಿದ್ದೆ. ತೊಳೆಯದ ತಿರುಳಲ್ಲಿ ಮರ ಬೇಯಿಸಿದ ಕಪ್ಪು ರಸ ಉಳಿದಿರುತ್ತದೆ, ಅದಕ್ಕೆ ಆ್ಯಸಿಡ್ ಬಿದ್ದರೆ ವಿಷಗಾಳಿ ಏಳುತ್ತದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ.

ಹೊರಗೆ ಮೈನಸ್ ಇಪ್ಪತ್ತೆಂಟು. ಬಾಗಿಲು ಕಿಟಕಿ ಎಲ್ಲ ಮುಚ್ಚಿದ್ದವು. ಹನ್ನೊಂದಕ್ಕೆ ಆ್ಯಸಿಡ್ ಪಂಪು ಶುರುವಾಯಿತು. ಔತಿ ತಿರುಳಿನ ತೊಟ್ಟಿಯ ಬಾಯಿಗೆ ಬಗ್ಗಿ ಮಾದರಿ ತೆಗೆಯುತ್ತಿದ್ದಳು. ಕೊಳೆತ ಮೊಟ್ಟೆಯ ವಾಸನೆ ಬಂತು. ನಮ್ಮೂರಿಗೆ ಅದು ದಿನಾ ಇದ್ದದ್ದೇ. ಸ್ವಲ್ಪ ಹೊತ್ತಿಗೆ ಇದ್ದಕ್ಕಿದ್ದಂತೆ ಮಾಯವಾಯಿತು.

"ಸದ್ಯ, ಹೋಯ್ತು," ಅಂದಳು ಔತಿ.

"ಹೋಗಿಲ್ಲ! ಆ ವಿಷಕ್ಕೆ ನಮ್ಮ ಮೂಗು ಸತ್ತಿದೆ! ಓಡ್ರೋ!" ಹೆಲ್ವಿ ಕಿರುಚಿದಳು.

ನಾನು ಓಡಿದೆ. ಹಿಂದೆ ನೋಡಲಿಲ್ಲ. ಬಾಗಿಲು ಮುಟ್ಟಿ ತಿರುಗಿದಾಗ ಔತಿ ತೊಟ್ಟಿಯ ಪಕ್ಕ ಕುಸಿದಿದ್ದಳು. ಮುಖವಾಡ ಹಾಕಿಕೊಂಡ ಹೆಲ್ವಿ ಪಂಪಿನ ಗುಂಡಿ ಒತ್ತುತ್ತಿದ್ದಳು. ಎರಡು ಸಲ ಗುರಿ ತಪ್ಪಿತು. ಮೂರನೇ ಸಲ ಒತ್ತಿ, ಔತಿಯ ಕೋಟಿನ ಕೊರಳಪಟ್ಟಿ ಹಿಡಿದು ಎಳೆಯತೊಡಗಿದಳು. ಹೋಗಿ ಕೈ ಕೊಡಬೇಕು ಅಂತ ನನಗೆ ಗೊತ್ತಿತ್ತು, ಕಾಲು ಮಾತ್ರ ಕದಲಲಿಲ್ಲ.

"ಬಾಗಿಲಾದ್ರೂ ತೆಗೆದು ಹಿಡ್ಕೊಳೋ!" ಮುಖವಾಡದೊಳಗಿಂದ ಗೊಗ್ಗರು ದನಿ ಬಂತು. ಅಷ್ಟು ಮಾಡಿದೆ.

ಹಿಮದ ಮೇಲೆ ಔತಿ ವಾಂತಿ ಮಾಡಿಕೊಂಡಳು, ಆಮೇಲೆ ಉಸಿರೆಳೆದಳು. ಹೆಲ್ವಿಗೆ ಮುಖವಾಡದ ಪಟ್ಟಿ ಬಿಚ್ಚಲಾಗುತ್ತಿರಲಿಲ್ಲ. ಅವಳ ಪ್ಯಾಂಟು ಭಯಕ್ಕೆ ಒದ್ದೆಯಾಗಿ, ಆ ಚಳಿಗೆ ಆಗಲೇ ಸೆಟೆಯುತ್ತಿತ್ತು. ನನ್ನ ಕೋಟು ಬಿಚ್ಚಿ ಅವಳ ಸೊಂಟಕ್ಕೆ ಸುತ್ತಿ, ಕಟ್ಟಿಕೊಂಡಿದ್ದ ನೀರಿನ ಕೊಳವೆಯ ವಿಷಯ ಹೇಳಿಬಿಟ್ಟೆ.

ಅವಳು ಕೋಟನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡಳು. "ಮೇಲಿನವರಿಗೆ ನೀನೇ ಹೋಗಿ ಹೇಳು. ನನ್ನ ಬಾಯಿಂದ ಹೇಳಿಸ್ಬೇಡ."

ಹೇಳಿದೆ. ಶಿಕ್ಷೆಯಾಗಿ ನನ್ನನ್ನು ಎರಡು ವಾರ ಮನೆಗೆ ಕಳಿಸಿದರು. ಔತಿ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಬಂದಳು. ಕಿಣ್ವದ ಸಹವಾಸವೇ ಬೇಡ ಅಂತ ಮೇಲಿನವರು ಕೈತೊಳೆದುಕೊಳ್ಳಲು ಹೊರಟಾಗ, ಬೇಕು ಅಂತ ಪಟ್ಟು ಹಿಡಿದವಳು ಹೆಲ್ವಿ. ತೊಳೆಯುವುದು ಕೆಟ್ಟರೆ ಆ್ಯಸಿಡ್ ಪಂಪು ತಾನಾಗಿ ನಿಲ್ಲಬೇಕು, ಗಾಳಿ ಕೆಟ್ಟರೆ ಗಂಟೆ ಹೊಡೆದುಕೊಳ್ಳಬೇಕು ಅಂತ ಬರೆದುಕೊಟ್ಟಳು. ಎರಡನ್ನೂ ಮಾಡಿಸಿದರು.

"ನಿಂಗೆ ಭಯ ಆಗಲ್ವೇನೇ?" ಅಂದೆ.

"ಆಗತ್ತೆ ಮಾರಾಯ. ಕ್ಲೋರಿನ್ ಅಂದ್ರೆ ಇದಕ್ಕಿಂತ ಜಾಸ್ತಿ ಆಗತ್ತೆ."

ಏಪ್ರಿಲ್‌ನಲ್ಲಿ ಮತ್ತೆ ಶುರುವಾಯಿತು. ಮೊದಲ ವಾರವೆಲ್ಲ ಕೆಲಸಕ್ಕೆ ಮೊದಲು ನಾನು ಪ್ರತಿ ನೀರಿನ ಕೊಳವೆಯನ್ನೂ ನೋಡಿ ಬರುತ್ತಿದ್ದೆ. ಪಂಪಿನ ಸದ್ದು ಬದಲಾದರೆ ಸಾಕು, ಮೂವರ ಕಣ್ಣೂ ಬಾಗಿಲ ಕಡೆ ಹೋಗುತ್ತಿತ್ತು. ಬೇಸಿಗೆ ಮುಗಿಯುವ ಹೊತ್ತಿಗೆ ಔತಿ ಹೇಳಿದಷ್ಟೇ ಕ್ಲೋರಿನ್ ಇಳಿದಿತ್ತು. ಇನ್ನೆರಡು ವರ್ಷಕ್ಕೆ ಬೇರೆ ವಿಧಾನಗಳೂ ಸೇರಿ, ಕ್ಲೋರಿನ್ ಹೊತ್ತ ರೈಲು ಟ್ಯಾಂಕರು ನಮ್ಮ ಅಂಗಳಕ್ಕೆ ಬರುವುದೇ ನಿಂತಿತು. ಎಪ್ಪತ್ತೊಂಬತ್ತರ ಕ್ಲೋರಿನ್‌ಗೆ ಕೆಟ್ಟಿದ್ದ ಹೆಲ್ವಿಯ ಶ್ವಾಸಕೋಶ ಮಾತ್ರ ಸರಿಹೋಗಲಿಲ್ಲ. ನಿವೃತ್ತಿಯ ವರ್ಷ ಬಿಳುಪು ಮನೆಯ ಮೆಟ್ಟಿಲಲ್ಲಿ ಮೂರು ಕಡೆ ನಿಂತು ಸುಧಾರಿಸಿಕೊಂಡು ಹತ್ತುತ್ತಿದ್ದಳು.